ಕುಡಿಕೆ ಹೊನ್ನು

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ತರಗತಿಯಲ್ಲಿ ನಾನು ಎಷ್ಟು ಸಲ ವಿವರಿಸಿರುವೆನೋ ಲೆಕ್ಕವಿಲ್ಲ. ತಂದೆ ಗಳಿಸಿಟ್ಟುದನ್ನು ಸೋಮಾರಿ ಮಗನು ಕುಳಿತಲ್ಲಿಯೇ ಕರಗಿಸುವ ಚಿತ್ರವನ್ನು ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲಿಸಿ, ಅಲ್ಲಿಗೆ ಅರ್ಥ ಮುಗಿಯಿತೆಂದು ಪುಸ್ತಕ ಮುಚ್ಚುತ್ತಿದ್ದೆ. ಕುಡಿಕೆಯಲ್ಲಿರುವ ಹೊನ್ನು ಹಣವೇ ಆಗಿರಬೇಕಾಗಿಲ್ಲ, ಮೈಯೊಳಗಣ ಕಸುವೂ ಆಗಿರಬಹುದು ಎಂಬುದು ನನಗೆ ಹೊಳೆದುದು ಕಳೆದ ವರ್ಷ. ಅದೂ ಪುಸ್ತಕದಿಂದಲ್ಲ, ನಮ್ಮ ಮನೆಯ ದೇವರ ಕೋಣೆಯಲ್ಲಿ.

ನಮ್ಮ ತಾಯಿಯವರಿಗೆ ಈಗ 68 ವರ್ಷ. ತಂದೆಯವರು ತೀರಿಕೊಂಡ ಮೇಲೆ, ಮಲೆನಾಡಿನ ಊರಮನೆಗೆ ಬೀಗ ಹಾಕಿ, ಮೂರು ವರ್ಷಗಳ ಹಿಂದೆ ಅವರನ್ನು ಮೈಸೂರಿಗೆ ಕರೆತಂದೆವು. ಊರಿನಲ್ಲಿ ಅವರು ಬೆಳಗಿನ ಜಾವಕ್ಕೇ ಎದ್ದು ಬಾವಿಯ ನೀರು ಸೇದುತ್ತಿದ್ದರು. ಅಂಗಳ ಗುಡಿಸಿ ರಂಗೋಲಿ ಇಡುತ್ತಿದ್ದರು. ಹಿತ್ತಲಿನಲ್ಲಿ ಬಾಗಿ ಸೊಪ್ಪು ಕೊಯ್ಯುತ್ತಿದ್ದರು. ಅಟ್ಟ ಹತ್ತಿ ಹಪ್ಪಳದ ಡಬ್ಬಿ ಇಳಿಸುತ್ತಿದ್ದರು. ವ್ಯಾಯಾಮವೆಂಬ ಶಬ್ದವು ಅವರ ಬಾಯಿಂದ ಬಂದುದನ್ನು ನಾನು ಎಂದೂ ಕೇಳಿಲ್ಲ.

ಮೈಸೂರಿಗೆ ಬಂದ ದಿನವೇ ನಾನು ಹೇಳಿಬಿಟ್ಟೆ: “ಅಮ್ಮ, ಇಷ್ಟು ವರ್ಷ ದುಡಿದದ್ದು ಸಾಕು. ಇನ್ನು ನೀನು ಸುಮ್ಮನೆ ಕೂತುಕೋ.” ಅವರು ಪೊರಕೆ ಹಿಡಿದರೆ ನನ್ನ ಮಡದಿ, “ಬಿಡಿ ಅತ್ತೆ, ನಾನಿದ್ದೇನಲ್ಲ” ಎಂದು ಕಸಿದುಕೊಳ್ಳುತ್ತಿದ್ದಳು. ಕನ್ನಡಕ ಬೇಕೆಂದರೆ ಮಗಳು ಓಡಿಹೋಗಿ ತರುತ್ತಿದ್ದಳು. ತರಕಾರಿಯವನು ಬಾಗಿಲಿಗೆ ಬಂದು ಕೂಗಿದರೆ ನಾನೇ ಹೋಗುತ್ತಿದ್ದೆ. ಬಂದುಹೋಗುವ ನೆಂಟರು, “ಸೊಸೆ ಅತ್ತೆಯಿಂದ ಒಂದು ಕಡ್ಡಿಯನ್ನೂ ಎತ್ತಿಸುವುದಿಲ್ಲ” ಎಂದು ಹೊಗಳಿದರು. ನಾವೂ ಹಿಗ್ಗಿದೆವು.

ಎರಡು ವರ್ಷ ಕಳೆಯುವಷ್ಟರಲ್ಲಿ ತಾಯಿಯವರು ಮಣೆಯಿಂದೇಳಲು ಗೋಡೆ ಹಿಡಿಯತೊಡಗಿದರು. ಆಮೇಲೆ ಕುರ್ಚಿಯಿಂದೇಳಲೂ ತೋಳುಗಳ ಆಸರೆ ಬೇಕಾಯಿತು. ತಾರಸಿಯ ಮೇಲೆ ತಾವೇ ಹಾಕಿದ್ದ ಹೂವಿನ ಕುಂಡಗಳನ್ನು ನೋಡಲು ಹೋಗುವುದು ನಿಂತಿತು. “ವಯಸ್ಸಾಯಿತಲ್ಲ” ಎಂದು ನಾವೆಲ್ಲರೂ ಒಪ್ಪಿಕೊಂಡೆವು. ಒಂದು ಸಂಜೆ ದೀಪ ಹಚ್ಚಿ ಕುಳಿತವರು ಮೇಲೇಳಲಾರದೆ ಹೋದರು. ನಾನು ಓಡಿಹೋಗಿ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ಅವರು ಸೆರಗು ಸರಿಪಡಿಸಿಕೊಂಡು, ನನ್ನ ಮುಖ ನೋಡದೆಯೇ ಹೇಳಿದರು: “ನೀವು ನನ್ನನ್ನು ದೇವರ ಹಾಗೆ ಕೂರಿಸಿಬಿಟ್ಟಿರಿ ಕಣೋ. ದೇವರಿಗೆ ಮೊಣಕಾಲು ಬೇಡ, ನನಗೆ ಬೇಕು.”

ಮರುದಿನ ವೈದ್ಯರಲ್ಲಿಗೆ ಕರೆದೊಯ್ದೆ. ಅವರು ಎಲ್ಲವನ್ನೂ ಪರೀಕ್ಷಿಸಿ, ದೊಡ್ಡ ಕಾಯಿಲೆಯೇನೂ ಇಲ್ಲ, ತೊಡೆಯ ಸ್ನಾಯುಗಳು ಸೊರಗಿವೆ ಎಂದರು. “ಮನೆಯಲ್ಲಿ ಇವರಿಗೆ ಏನು ಕೆಲಸ?” ಎಂದು ಕೇಳಿದರು. “ಏನೂ ಇಲ್ಲ ಡಾಕ್ಟರೇ, ನಾವು ಮಾಡಲು ಬಿಡುವುದಿಲ್ಲ” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. “ಇನ್ನು ಮೇಲೆ ಬಿಡಿ” ಎಂದರು ಅವರು.

ಕನ್ನಡ ಎಂ.ಎ. ಮಾಡಿದ ನನಗೂ ಶರೀರಶಾಸ್ತ್ರಕ್ಕೂ ಬಹು ದೂರ. ಆದರೂ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿದ್ದರಿಂದ, ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರೊಬ್ಬರ ನೆರವು ಪಡೆದು, ಈ ವಿಷಯದಲ್ಲಿ ಬಲ್ಲವರು ಕಂಡುಕೊಂಡುದೇನೆಂದು ಓದತೊಡಗಿದೆ. ಓದಿದಂತೆಲ್ಲ ಬೆರಗೂ ನಾಚಿಕೆಯೂ ಒಟ್ಟಿಗೇ ಆದುವು. ಅದರಲ್ಲಿ ನಾಲ್ಕು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು ಲಂಡನ್ನಿನ ಎರಡಂತಸ್ತಿನ ಬಸ್ಸಿನ ಕಥೆ. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಹೃದಯಾಘಾತವು ಹೆಚ್ಚುತ್ತಿತ್ತು, ಕಾರಣವು ಸ್ಪಷ್ಟವಾಗಿರಲಿಲ್ಲ. ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಲಂಡನ್ನಿನ ಸಾರಿಗೆಯಲ್ಲಿ ದುಡಿಯುತ್ತಿದ್ದ, 35ರಿಂದ 64 ವಯಸ್ಸಿನ ಸುಮಾರು 31,000 ಗಂಡಸರ ಆರೋಗ್ಯದ ದಾಖಲೆಗಳನ್ನು ತೆಗೆದು ನೋಡಿದರು. ಚಾಲಕನೂ ಕಂಡಕ್ಟರನೂ ಓಡಾಡುವುದು ಒಂದೇ ಬಸ್ಸಿನಲ್ಲಿ, ಒಂದೇ ಬೀದಿಯಲ್ಲಿ. ಆದರೆ ಚಾಲಕನು ಕೆಲಸದ ವೇಳೆಯ ಬಹುಪಾಲನ್ನು ಕುಳಿತೇ ಕಳೆಯುತ್ತಿದ್ದನು. ಕಂಡಕ್ಟರನಾದರೋ ಟಿಕೆಟು ಕೊಡುತ್ತ ಕೆಳಗಿನಿಂದ ಮೇಲಕ್ಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದನು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶವು ಇದು: ಕಂಡಕ್ಟರರಲ್ಲಿ ಹೃದ್ರೋಗವು ಚಾಲಕರಲ್ಲಿರುವುದಕ್ಕಿಂತ ಕಡಿಮೆ, ಬಂದರೂ ತಡವಾಗಿ ಬರುತ್ತದೆ, ಬಂದಾಗ ಪ್ರಾಣ ತೆಗೆಯುವುದೂ ಕಡಿಮೆ. ಕಾಗದ ಹಂಚುತ್ತ ತಿರುಗುವ ಅಂಚೆಯವರನ್ನು ಮೇಜಿನ ಮುಂದೆ ಕುಳಿತ ಗುಮಾಸ್ತರೊಡನೆ ಹೋಲಿಸಿದಾಗಲೂ ಅದೇ ಬಗೆಯ ಅಂತರ ಕಂಡಿತು.

‘ಮೈ ಭಾರವಿರುವವನೇ ಕೂಡುವ ಕೆಲಸವನ್ನು ಆರಿಸಿಕೊಂಡಿರಬಾರದೇಕೆ?’ ಎಂಬ ಸಂದೇಹ ಓದುಗರಿಗೆ ಬಂದರೆ, ಅದು ಮಾರಿಸರಿಗೂ ಬಂದಿತ್ತು. ಅವರು ಸಾರಿಗೆಯವರು ಹೊಲಿಸಿಕೊಡುತ್ತಿದ್ದ ಸಮವಸ್ತ್ರಗಳ ಅಳತೆಯನ್ನು ತರಿಸಿ, ಷರಾಯಿಯ ಸೊಂಟದ ಸುತ್ತಳತೆಯನ್ನು ಲೆಕ್ಕಹಾಕಿದರು. ಚಾಲಕರ ಸೊಂಟ ದಪ್ಪವೆಂಬುದು ನಿಜವೇ ಆಯಿತು. ಆದರೆ ತೆಳ್ಳನೆಯ ಚಾಲಕನನ್ನು ತೆಳ್ಳನೆಯ ಕಂಡಕ್ಟರನೊಡನೆ, ದಪ್ಪನೆಯವನನ್ನು ದಪ್ಪನೆಯವನೊಡನೆ ಇಟ್ಟು ನೋಡಿದಾಗಲೂ ಹಠಾತ್ ಮರಣದ ಅಪಾಯವು ಚಾಲಕನಿಗೇ ಹೆಚ್ಚಾಗಿತ್ತು. ದರ್ಜಿಯ ಅಳತೆಪಟ್ಟಿಯೂ ವೈದ್ಯಶಾಸ್ತ್ರಕ್ಕೆ ಸಾಕ್ಷಿ ನುಡಿದ ಈ ಪ್ರಬಂಧ 1956ರಲ್ಲಿ ಹೊರಬಂದಿತು. ಮಾರಿಸರು 2009ರಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆದರೂ ಹೋಲಿಕೆ ಬೇರೆ, ಪ್ರಯೋಗ ಬೇರೆ. ಎರಡನೆಯ ಸಂಗತಿಯು ಪ್ರಯೋಗವೇ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, ಸುಮಾರು 20 ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿಯೇ ಇರಿಸಿದರು. ರೋಗವಿಲ್ಲ, ರುಜಿನವಿಲ್ಲ, ಬರಿಯ ವಿಶ್ರಾಂತಿ. ಮೈಯು ತನ್ನ ಗರಿಷ್ಠ ಶ್ರಮದಲ್ಲಿ ಎಷ್ಟು ಪ್ರಾಣವಾಯುವನ್ನು ಬಳಸಿಕೊಳ್ಳಬಲ್ಲದೆಂಬುದು ಹೃದಯ ಮತ್ತು ಸ್ನಾಯುಗಳ ಒಟ್ಟು ಕಸುವಿನ ಅಳತೆ. ಮೂರು ವಾರಗಳಲ್ಲಿ ಆ ಶಕ್ತಿಯು ಕಾಲುಪಾಲಿಗಿಂತ ಹೆಚ್ಚಾಗಿಯೇ ಕುಗ್ಗಿತ್ತು. ಆಮೇಲೆ ತರಬೇತಿಯಿಂದ ಅದು ಮರಳಿ ಬಂದಿತು. ಮೂವತ್ತು ವರ್ಷಗಳಾದ ಮೇಲೆ, 1996ರಲ್ಲಿ, 50ರ ಅಂಚಿಗೆ ಬಂದಿದ್ದ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷಗಳ ವಯೋಭಾರವು ಅವರ ಶಕ್ತಿಯನ್ನು ತಗ್ಗಿಸಿದ್ದುಂಟು. ಆದರೆ ತಾರುಣ್ಯದಲ್ಲಿ ಮೂರು ವಾರಗಳ ಹಾಸಿಗೆವಾಸವು ತಗ್ಗಿಸಿದ್ದಷ್ಟಲ್ಲ! ನಾವು ‘ವಯಸ್ಸಾಯಿತು’ ಎನ್ನುವುದರಲ್ಲಿ ಎಷ್ಟು ಪಾಲು ವಯಸ್ಸಿನದು, ಎಷ್ಟು ಪಾಲು ಹಾಸಿಗೆ ಕುರ್ಚಿಗಳದು ಎಂದು ಯೋಚಿಸಬೇಕಾಗಿದೆ.

ತರುಣರಿಗೇ ಹೀಗಾದರೆ ಹಿರಿಯರ ಗತಿಯೇನು? ಇದು ಮೂರನೆಯ ಸಂಗತಿ. 2007ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕದ ಪ್ರಯೋಗದಲ್ಲಿ, ನಮ್ಮ ತಾಯಿಯವರ ವಯಸ್ಸಿನ ಆಸುಪಾಸಿನ, ಆರೋಗ್ಯವಂತರಾದ ಹನ್ನೆರಡು ಮಂದಿ ಕೇವಲ ಹತ್ತು ದಿನ ಹಾಸಿಗೆಯಲ್ಲಿದ್ದರು. ಅಷ್ಟರಲ್ಲಿಯೇ ಅವರ ಕಾಲುಗಳಿಂದ, ಕೊಬ್ಬನ್ನು ಬಿಟ್ಟು, ಸರಾಸರಿ ಒಂದು ಕಿಲೋಗ್ರಾಮಿನಷ್ಟು ಮಾಂಸಭಾಗವು ಕರಗಿಹೋಗಿತ್ತು. ಬಳಸದ ಸ್ನಾಯುವನ್ನು ಮೈಯು ಬಹುಕಾಲ ಸಾಕುವುದಿಲ್ಲ. ಸಂಬಳ ಕೊಡದ ಜಿಪುಣ ಯಜಮಾನನಂತೆ ಬಿಡಿಸಿಬಿಡುತ್ತದೆ. ಗಾದೆಯ ಕುಡಿಕೆ ಬರಿದಾಗುವುದು ಹೀಗೆ.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ತಾಯಿಯವರು ಹಾಸಿಗೆ ಹಿಡಿದಿರಲಿಲ್ಲ, ನಿಜ. ಆದರೆ ಎರಡು ವರ್ಷಗಳ ಕಾಲ ಒಂದೊಂದು ಕೆಲಸವನ್ನಾಗಿ ಅವರ ಕೈಯಿಂದ ಕಸಿದುಕೊಂಡವರು ನಾವೇ. ಅದಕ್ಕೆ ಪ್ರೀತಿಯೆಂಬ ಹೆಸರನ್ನಿಟ್ಟವರೂ ನಾವೇ.

ಸಮಾಧಾನ ದೊರೆತುದು ನಾಲ್ಕನೆಯ ಸಂಗತಿಯಿಂದ. 1990ರಲ್ಲಿ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಸರಾಸರಿ 90 ವರ್ಷದ ಹತ್ತು ಮಂದಿ ಮುದುಕರಿಗೆ ಕಾಲಿನಿಂದ ಭಾರವೆತ್ತುವ ವ್ಯಾಯಾಮವನ್ನು ಕಲಿಸಿದರು. 90 ವರ್ಷದವರಿಗೆ ಭಾರವೆತ್ತಿಸುವುದೇ ಎಂದು ಹುಬ್ಬೇರಿಸಬೇಡಿ. ಎಂಟು ವಾರ ಪೂರೈಸಿದವರ ತೊಡೆಯ ಬಲವು ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಎಂದರೆ ಮೊದಲಿದ್ದುದರ ಎರಡೂವರೆ ಪಟ್ಟನ್ನು ಮೀರಿತು. ಇಬ್ಬರು ನಡೆಯುವಾಗ ಊರುಗೋಲನ್ನೇ ಬಿಟ್ಟರು. ಆದರೆ ವ್ಯಾಯಾಮ ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಗಳಿಸಿದ ಬಲದಲ್ಲಿ ಗಣನೀಯವಾದ ಪಾಲು ಇಳಿದೂಹೋಯಿತು. ಕುಡಿಕೆಯನ್ನು 90ರಲ್ಲಿಯೂ ತುಂಬಬಹುದು, ಆದರೆ ತುಂಬುತ್ತಲೇ ಇರಬೇಕು ಎಂಬುದು ಇದರಿಂದ ತಿಳಿಯಬೇಕಾದ ಪಾಠ.

ಹಾಗಾದರೆ ಎಷ್ಟು ಮಾಡಬೇಕು? ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ನನ್ನ ಭಾವಮೈದುನನು ರಾತ್ರಿ ಹತ್ತು ಗಂಟೆಗೆ ಆ ಲೆಕ್ಕ ಪೂರೈಸಲು ಊಟದ ಮೇಜಿನ ಸುತ್ತ ಪ್ರದಕ್ಷಿಣೆ ಹಾಕುವುದುಂಟು. ಈ ಸಂಖ್ಯೆಯ ಮೂಲ ಜಪಾನಿನ ಒಂದು ಯಂತ್ರದ ಹೆಸರು. 1965ರಲ್ಲಿ ಅಲ್ಲಿಯ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕಿಟ್ಟು ‘ಮಾನ್‌ಪೊ-ಕೆ’ ಎಂದು ಹೆಸರಿಟ್ಟಿತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬುದು ಅದರ ಅರ್ಥ. ವ್ಯಾಪಾರದ ಹೆಸರೇ ಕ್ರಮೇಣ ಶಾಸ್ತ್ರವಾಯಿತು. 2019ರಲ್ಲಿ ಐ-ಮಿನ್ ಲೀ ಎಂಬ ವಿದುಷಿಯೂ ಸಂಗಡಿಗರೂ, ಸರಾಸರಿ 72 ವರ್ಷದ ಸುಮಾರು 17,000 ಮಂದಿ ಅಮೆರಿಕದ ಸ್ತ್ರೀಯರ ಹೆಜ್ಜೆಗಳನ್ನು ಎಣಿಸಿ ಪ್ರಕಟಿಸಿದ ವರದಿಯಂತೆ, ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಮರಣದ ಪ್ರಮಾಣವು ಶೇಕಡಾ 41ರಷ್ಟು ಕಡಿಮೆ ಇತ್ತು. ಸುಮಾರು 7,500ರ ಬಳಿಕ ಹೆಚ್ಚಿನ ಲಾಭ ಕಾಣಲಿಲ್ಲ. ಹತ್ತು ಸಾವಿರವಾಗದೆಂದು ಹೆದರಿ ಕುಳಿತುಬಿಟ್ಟವರಿಗೆ ಇದು ಶುಭವಾರ್ತೆ.

ನಡಿಗೆಯೊಂದೇ ಸಾಲದೆಂಬುದನ್ನೂ ನೆನಪಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ಮೈಯಾಡಿಸಬೇಕು. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಬೇಕು. 65 ದಾಟಿದವರು ಬೀಳದಂತೆ ಸಮತೋಲವನ್ನು ಕಾಪಾಡುವ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಸೇರಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ 2022ರ ಲೆಕ್ಕದಂತೆ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಕಷ್ಟು ಮೈಯಾಡಿಸುತ್ತಿಲ್ಲ. ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ ಶೇಕಡಾ 57.

ವಿಶ್ರಾಂತಿ ಎಂಬ ಶಬ್ದವನ್ನೇ ನೋಡಿ. ಶ್ರಾಂತಿಯೆಂದರೆ ದಣಿವು, ಆ ದಣಿವನ್ನು ಕಳೆದುಕೊಳ್ಳುವುದು ವಿಶ್ರಾಂತಿ. ದಣಿಯದವನಿಗೆ ವಿಶ್ರಾಂತಿಯೆಲ್ಲಿಂದ ಬರಬೇಕು? ವ್ಯಾಕರಣ ಬಲ್ಲ ನಾನೇ ಇದನ್ನು ಮನೆಯಲ್ಲಿ ಮರೆತಿದ್ದೆ.

ಹಿರಿಯರಿಂದ ದುಡಿಸಿಕೊಳ್ಳಲು ಇದು ಪರವಾನಗಿಯೆಂದು ಮಾತ್ರ ಯಾರೂ ಭಾವಿಸಬಾರದು. ಮುಪ್ಪಿನಲ್ಲಿಯೂ ಮನೆಯ ಚಾಕರಿಯೆಲ್ಲ ಅತ್ತೆಯ ತಲೆಯ ಮೇಲೆ ಬಿದ್ದಿರುವ ಮನೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಬೇಕಾದುದು ನಿಜವಾದ ವಿಶ್ರಾಂತಿಯೇ. ಎದೆನೋವು, ಉಬ್ಬಸ, ಮುರಿದ ಮೂಳೆ ಇರುವವರು ವೈದ್ಯರನ್ನು ಕೇಳದೆ ಹೊಸ ಸಾಹಸಕ್ಕೆ ಕೈಹಾಕಬಾರದು. ಕೆಲಸವನ್ನು ಹೊರಿಸುವುದು ಬೇರೆ, ಅವರಿಗೆ ಬೇಕಾದ ಕೆಲಸವನ್ನು ಅವರಿಗೇ ಬಿಡುವುದು ಬೇರೆ.

ನಮ್ಮ ತಾಯಿಯವರಿಗೆ ವೈದ್ಯರು ಹೇಳಿಕೊಟ್ಟುದು ಬಹಳ ಸರಳ. ಗೋಡೆಗೊರಗಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಯೂರದೆ ಏಳುವುದು, ಮೆಲ್ಲಗೆ ಕುಳಿತುಕೊಳ್ಳುವುದು. ಮೊದಲ ದಿನ ಎರಡು ಸಲಕ್ಕೇ ಸಾಕಾಯಿತು. ವಾರ ವಾರ ಏರಿಸುತ್ತ ಹೋದರು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದೂ ಸೇರಿತು. ಪೊರಕೆ ಅವರ ಕೈಗೆ ಮರಳಿತು. ತರಕಾರಿಯ ಚೀಲವೂ ಮರಳಿತು. ಕನ್ನಡಕವನ್ನು ತಾವೇ ಎದ್ದುಹೋಗಿ ತಂದುಕೊಳ್ಳುತ್ತಾರೆ. ಆರು ತಿಂಗಳಾಗಿದೆ. ಈಗ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುತ್ತಾರೆ, ಕೈಹಿಡಿ ಹಿಡಿದು ತಾರಸಿಗೆ ಹೋಗಿಬರುತ್ತಾರೆ. ನೆಲದ ಮೇಲಿನ ಮಣೆಯಿಂದೇಳಲು ಈಗಲೂ ಗೋಡೆ ಬೇಕು. ಬೇಗ ಎಚ್ಚೆತ್ತಿದ್ದರೆ ಅದೂ ಬೇಕಾಗುತ್ತಿರಲಿಲ್ಲವೋ ಏನೋ.

ಮೊನ್ನೆ ನೆರೆಮನೆಯಾಕೆ ಬಂದಾಗ ತಾಯಿಯವರು ನೀರಿನ ತಂಬಿಗೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಆಕೆ ನನ್ನನ್ನು ಒಂದು ಬಗೆಯಾಗಿ ನೋಡಿ, “ಈ ವಯಸ್ಸಿನಲ್ಲಿ ಅಮ್ಮನವರಿಂದ ಗಿಡಕ್ಕೆ ನೀರು ಹಾಕಿಸುತ್ತೀರಲ್ಲ ಮೇಷ್ಟ್ರೇ, ನೀವಾದರೂ ಹೋಗಬಾರದೇ?” ಎಂದರು. ನನ್ನ ಮುಖ ಕೆಂಪಾಯಿತು. ಲಂಡನ್ನು ಬಾಸ್ಟನ್ನುಗಳನ್ನು ಅಲ್ಲಿ ವಿವರಿಸುವಂತಿರಲಿಲ್ಲ. ತಾಯಿಯವರು ಮೇಲಿನ ಮೆಟ್ಟಿಲಿನಿಂದಲೇ ತಿರುಗಿ, “ಅವನನ್ನು ಬೇಡ ಎಂದವಳು ನಾನೇ ಕಣಮ್ಮ. ಅವನು ಹಾಕಿದರೆ ಕುಂಡ ತುಂಬಿ ಕೆಸರಾಗುತ್ತದೆ” ಎಂದು ಹೇಳಿ, ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.