ವಿದ್ಯಾರ್ಥಿವೇತನವೋ, ಆಟಗಾರನ ಖರೀದಿಯೋ?

2018ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್ ನಗರದಲ್ಲಿ ಅಪರೂಪದ ಬಹಿಷ್ಕಾರವೊಂದು ಪ್ರಕಟವಾಯಿತು. ಅಲ್ಲಿನ ಶಾಲಾ ರಗ್ಬಿಯ ಅಗ್ರ ಟೂರ್ನಿ ‘1ಎ’ಯಲ್ಲಿ ಆಡುವ ಶಾಲೆಗಳ ಪ್ರಾಂಶುಪಾಲರು, ಮುಂದಿನ ಋತುವಿನಲ್ಲಿ ಸೇಂಟ್ ಕೆಂಟಿಗರ್ನ್ ಕಾಲೇಜಿನ ಪ್ರಥಮ ತಂಡದ ವಿರುದ್ಧ ಆಡುವುದಿಲ್ಲವೆಂದು ಸಹಿ ಮಾಡಿದ ಪತ್ರ ಬಹಿರಂಗವಾಯಿತು. ಸೇಂಟ್ ಕೆಂಟಿಗರ್ನ್ ಪ್ರತಿಷ್ಠಿತ ಖಾಸಗಿ ಶಾಲೆ. ಬೇರೆ ಶಾಲೆಗಳ ಪ್ರಥಮ ತಂಡಗಳಲ್ಲಿ ಆಗಲೇ ಆಡಿ ಹೆಸರು ಮಾಡಿದ್ದ ಹುಡುಗರನ್ನು ಅದು ತನ್ನತ್ತ ಸೆಳೆದುಕೊಂಡಿತ್ತೆಂಬುದು ಆರೋಪ. 2019ರ ಋತು ಆರಂಭವಾಗುವ ಮೊದಲೇ ಸಂಧಾನ ನಡೆದು ಬಹಿಷ್ಕಾರ ಕೊನೆಗೊಂಡಿತು. ಆದರೆ ಅಂದು ಎದ್ದ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಬಡ ಹುಡುಗನೊಬ್ಬನಿಗೆ ಸಿರಿವಂತ ಶಾಲೆಯ ಬಾಗಿಲು ತೆರೆಯುವ ಕ್ರೀಡಾ ವಿದ್ಯಾರ್ಥಿವೇತನದಲ್ಲಿ ಆಕ್ಷೇಪಿಸುವಂಥದ್ದು ಏನಿದೆ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ಪರಿಗಣಿಸಲಾರೆ. ಆಕ್ಷೇಪಿಸುವವರಲ್ಲಿ ಹೊಟ್ಟೆಕಿಚ್ಚಿನ ಅಂಶವೂ ಇರಬಹುದು. ದೂರಿದ ಶಾಲೆಗಳೂ ಈ ವಿಷಯದಲ್ಲಿ ಪೂರ್ಣ ನಿರ್ದೋಷಿಗಳಲ್ಲವೆಂಬ ಟೀಕೆ ಆಗಲೇ ಕೇಳಿಬಂದಿತ್ತು. ಹಾಗಿದ್ದರೂ ಈ ವಿವಾದವನ್ನು ಸೋತವರ ಗೊಣಗಾಟವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಅದರ ಹಿಂದೆ ಶಿಕ್ಷಣ, ಬಡತನ ಮತ್ತು ಪ್ರತಿಷ್ಠೆ ಈ ಮೂರೂ ಹೆಣೆದುಕೊಂಡ ವ್ಯವಸ್ಥೆಯೊಂದಿದೆ.

ರಗ್ಬಿ ನಮಗೆ ಅಷ್ಟಾಗಿ ಪರಿಚಿತವಲ್ಲ. ನ್ಯೂಜಿಲೆಂಡ್‌ನಲ್ಲಿ ಅದು ರಾಷ್ಟ್ರೀಯ ಗೀಳು. ಹದಿನೈದು ಮಂದಿಯ ಆಟವಾದ್ದರಿಂದ ಶಾಲೆಯ ಅತ್ಯುನ್ನತ ತಂಡಕ್ಕೆ ‘ಫಸ್ಟ್ ಫಿಫ್ಟೀನ್’ ಎಂದೇ ಹೆಸರು. ಆ ತಂಡದ ಗೆಲುವು ಶಾಲೆಯ ಮರ್ಯಾದೆಯ ಪ್ರಶ್ನೆ. ಹಳೆಯ ವಿದ್ಯಾರ್ಥಿಗಳು ಪಂದ್ಯ ನೋಡಲು ಬರುತ್ತಾರೆ, ದೇಣಿಗೆ ನೀಡುತ್ತಾರೆ; ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂದು ಯೋಚಿಸುವ ಪೋಷಕರ ಕಿವಿಗೂ ಆ ಗೆಲುವಿನ ಸುದ್ದಿ ಬೀಳುತ್ತದೆ. ಶಾಲಾ ಪಂದ್ಯಗಳು ಕ್ರೀಡಾ ವಾಹಿನಿಯಲ್ಲಿ ಪ್ರಸಾರವಾಗತೊಡಗಿದ ಮೇಲೆ ಹದಿನೇಳರ ಹುಡುಗರು ತಾರೆಗಳಾದರು. ಈ ಒತ್ತಡದಿಂದ ಹುಡುಗರ ಮನಸ್ಸಿಗೆ ಆಗುವ ಹಾನಿಗೆ ಅಂಜಿ 2022ರಲ್ಲಿ ‘1ಎ’ ಶಾಲೆಗಳ ಪ್ರಾಂಶುಪಾಲರೇ ತಮ್ಮ ಪಂದ್ಯಗಳ ಪ್ರಸಾರಕ್ಕೆ ತಡೆ ಹಾಕಿದರು. ಶಾಲಾ ಆಟವನ್ನು ಮಾರುಕಟ್ಟೆ ಎಷ್ಟರಮಟ್ಟಿಗೆ ಆವರಿಸಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮಾರುಕಟ್ಟೆಯೆಂದ ಮೇಲೆ ಸರಕು ಎಲ್ಲಿಂದಲೋ ಬರಬೇಕು. ಆಕ್ಲೆಂಡ್‌ನ ದಕ್ಷಿಣ ಭಾಗದ ಓಟಾರಾ, ಮಾಂಗರೆಯಂಥ ಬಡಾವಣೆಗಳಲ್ಲಿ ಸಮೋವಾ, ಟೋಂಗಾ ಮುಂತಾದ ಪೆಸಿಫಿಕ್ ದ್ವೀಪಗಳಿಂದ ದುಡಿಮೆ ಅರಸಿ ಬಂದವರ ಕುಟುಂಬಗಳು ಹೆಚ್ಚು. ರಗ್ಬಿ ಅಲ್ಲಿನ ಹುಡುಗರಿಗೆ ಎಳವೆಯಿಂದಲೇ ಒಲಿದ ಆಟ. ಆದರೆ ಅಲ್ಲಿನ ಸರ್ಕಾರಿ ಶಾಲೆಗಳು ಬಡ ಮಕ್ಕಳ ಶಾಲೆಗಳು. ವಿದ್ಯಾರ್ಥಿಗಳ ಸಾಮಾಜಿಕ ಹಾಗೂ ಆರ್ಥಿಕ ಹಿನ್ನೆಲೆಯನ್ನು ಆಧರಿಸಿ ಶಾಲೆಗಳನ್ನು 1ರಿಂದ 10ರವರೆಗಿನ ಶ್ರೇಣಿಗಳಲ್ಲಿ ಇರಿಸುವ ಪದ್ಧತಿ ನ್ಯೂಜಿಲೆಂಡ್‌ನಲ್ಲಿ 2022ರವರೆಗೂ ಇತ್ತು. ಬಡ ಶಾಲೆಗಳಿಗೆ ಹೆಚ್ಚಿನ ಅನುದಾನ ನೀಡುವುದು ಅದರ ಉದ್ದೇಶ. ಆದರೆ ಪೋಷಕರು ಆ ಶ್ರೇಣಿಯನ್ನೇ ಗುಣಮಟ್ಟದ ಅಳತೆಗೋಲೆಂದು ಭಾವಿಸಿ, ಅನುಕೂಲವಿದ್ದವರು ಕೆಳ ಶ್ರೇಣಿಯ ಶಾಲೆಗಳಿಂದ ಮಕ್ಕಳನ್ನು ಬಿಡಿಸಿದರು. 2023ರಿಂದ ಅದರ ಬದಲಿಗೆ ಸಮತಾ ಸೂಚ್ಯಂಕ ಬಂದಿದೆ. ಮೊದಲೇ ಹೀಗೆ ಕಳೆಗುಂದಿದ್ದ ಶಾಲೆಗಳಿಂದ, ಅವುಗಳಿಗಿದ್ದ ಏಕೈಕ ಹೆಮ್ಮೆಯಾದ ರಗ್ಬಿ ಆಟಗಾರನನ್ನೂ ವಿದ್ಯಾರ್ಥಿವೇತನದ ಹೆಸರಿನಲ್ಲಿ ಕರೆದೊಯ್ದರೆ ಅಲ್ಲಿ ಉಳಿಯುವುದೇನು?

ಕರ್ನಾಟಕದ ಓದುಗರಿಗೆ ಈ ವ್ಯವಹಾರದ ತರ್ಕ ಹೊಸದೇನಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಅಗ್ರಸ್ಥಾನ ಪಡೆದವರ ಮನೆಗೆ ಖಾಸಗಿ ಪಿಯು ಕಾಲೇಜುಗಳವರು ಎಡತಾಕುವುದನ್ನು ನಾವು ಕಂಡಿದ್ದೇವೆ. ಉಚಿತ ಸೀಟು, ಉಚಿತ ವಸತಿ. ಎರಡು ವರ್ಷಗಳ ಬಳಿಕ ಪತ್ರಿಕೆಯ ಮುಖಪುಟದಲ್ಲಿ ಆ ಹುಡುಗಿಯ ಭಾವಚಿತ್ರ, ಕೆಳಗೆ ಕಾಲೇಜಿನ ಹೆಸರು. ಆಕೆಗೆ ಹತ್ತು ವರ್ಷ ಅಕ್ಷರ ಕಲಿಸಿದ ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರ ಹೆಸರು ಎಲ್ಲಿಯೂ ಕಾಣದು. ಹಾಗೆಂದು ಆಕೆಗೆ ದೊರೆತ ಉಚಿತ ಸೀಟನ್ನು ಯಾರೂ ನಿಂದಿಸುವುದಿಲ್ಲ, ನಿಂದಿಸಬಾರದು. ನಿಂದಿಸಬೇಕಾದದ್ದು ತಯಾರಾದ ಪ್ರತಿಭೆಯನ್ನು ಕೊಂಡು ತಾನೇ ತಯಾರಿಸಿದೆನೆಂದು ಹೇಳಿಕೊಳ್ಳುವ ಸಂಸ್ಥೆಯ ಜಾಣತನವನ್ನು.

ಇಂಗ್ಲೆಂಡ್‌ನಲ್ಲೂ ಈ ಜಾಣತನ ಅಂಕಿಅಂಶಗಳ ಮರೆಯಲ್ಲಿ ಅಡಗಿದೆ. ಸಟನ್ ಟ್ರಸ್ಟ್ ಮತ್ತು ಸಾಮಾಜಿಕ ಚಲನಶೀಲತಾ ಆಯೋಗ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರಿಟನ್ನಿನ ಪುರುಷ ಅಂತರರಾಷ್ಟ್ರೀಯ ರಗ್ಬಿ ಆಟಗಾರರಲ್ಲಿ ಶೇ 37ರಷ್ಟು ಮಂದಿ ಖಾಸಗಿ ಶಾಲೆಗಳಲ್ಲಿ ಓದಿದವರು. ದೇಶದ ಒಟ್ಟು ಜನಸಂಖ್ಯೆಯಲ್ಲಿ ಅಂಥವರ ಪ್ರಮಾಣ ಸುಮಾರು ಶೇ 7 ಮಾತ್ರ. ಆದರೆ ಈ ಆಟಗಾರರಲ್ಲಿ ಹದಿನಾರನೆಯ ವಯಸ್ಸಿನಲ್ಲಿ ವಿದ್ಯಾರ್ಥಿವೇತನದ ಮೇಲೆ ಬಂದು ಸೇರಿದವರೂ ಇದ್ದಾರೆ. 2025ರಲ್ಲಿ ಇಂಗ್ಲೆಂಡ್ ತಂಡದ ನಾಯಕರಾಗಿ ನೇಮಕಗೊಂಡು, ಅದೇ ವರ್ಷ ಆಸ್ಟ್ರೇಲಿಯಾ ಪ್ರವಾಸದಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡವನ್ನು ಮುನ್ನಡೆಸಿದ ಮಾರೊ ಇಟೋಜೆ ಅವರನ್ನೇ ನೋಡಿ. ಹಾರ್ಪೆಂಡನ್‌ನ ಸರ್ಕಾರಿ ವಸತಿ ಶಾಲೆಯಾದ ಸೇಂಟ್ ಜಾರ್ಜ್ಸ್‌ನಲ್ಲಿ ಓದಿ, ಕೊನೆಯ ಎರಡು ವರ್ಷಗಳಿಗೆ ವಿದ್ಯಾರ್ಥಿವೇತನ ಪಡೆದು ಹ್ಯಾರೋ ಸೇರಿದವರು ಅವರು. ಅವರನ್ನು ರೂಪಿಸಿದ ಶಾಲೆ ಯಾವುದು? ಲೆಕ್ಕದ ಪುಸ್ತಕ ಹ್ಯಾರೋ ಎನ್ನುತ್ತದೆ. ಅದಕ್ಕೂ ಮೊದಲಿನ ವರ್ಷಗಳು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಇನ್ನು ಈ ವ್ಯವಸ್ಥೆಯ ಸಮರ್ಥಕರ ವಾದವನ್ನೂ ಅದರ ಪೂರ್ಣ ಬಲದೊಡನೆ ಕೇಳಬೇಕು. ಅವರ ಬಳಿ ಇರುವ ಅತ್ಯುತ್ತಮ ಉದಾಹರಣೆ ದಕ್ಷಿಣ ಆಫ್ರಿಕಾದ ಸಿಯಾ ಕೊಲಿಸಿ. 1991ರಲ್ಲಿ ಪೋರ್ಟ್ ಎಲಿಜಬೆತ್ ಬಳಿಯ ಜ್ವಿಡೆ ಎಂಬ ಕರಿಯರ ಬಡಾವಣೆಯಲ್ಲಿ ಹುಟ್ಟಿ, ಅಜ್ಜಿಯ ಆರೈಕೆಯಲ್ಲಿ ಬೆಳೆದ ಹುಡುಗ. ಹನ್ನೆರಡನೆಯ ವಯಸ್ಸಿನಲ್ಲಿ ಮಕ್ಕಳ ಟೂರ್ನಿಯೊಂದರಲ್ಲಿ ಆಡುತ್ತಿದ್ದಾಗ ಕಣ್ಣಿಗೆ ಬಿದ್ದು ಗ್ರೇ ಜೂನಿಯರ್ ಶಾಲೆಗೆ, ಅಲ್ಲಿಂದ ಗ್ರೇ ಹೈಸ್ಕೂಲಿಗೆ ವಿದ್ಯಾರ್ಥಿವೇತನದ ಮೇಲೆ ಸೇರಿದರು. ಗ್ರೇ ಕಾನೂನಿನ ದೃಷ್ಟಿಯಲ್ಲಿ ಸರ್ಕಾರಿ ಶಾಲೆಯಾದರೂ ಶುಲ್ಕ, ಸೌಲಭ್ಯ, ಪ್ರತಿಷ್ಠೆಗಳಲ್ಲಿ ಖಾಸಗಿ ಶಾಲೆಗಳ ಸಾಲಿನದು. ಕೊಲಿಸಿ 2018ರಲ್ಲಿ ದಕ್ಷಿಣ ಆಫ್ರಿಕಾ ಟೆಸ್ಟ್ ತಂಡದ ಪ್ರಥಮ ಕರಿಯ ನಾಯಕರಾದರು; 2019 ಮತ್ತು 2023ರಲ್ಲಿ ವಿಶ್ವಕಪ್ ಎತ್ತಿ ಹಿಡಿದರು. ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಜಗತ್ತು ಅವರ ಹೆಸರನ್ನು ಕೇಳುತ್ತಿತ್ತೇ? ಬಹುಶಃ ಇಲ್ಲ.

ಆದರೆ ಅದೇ 2019ರ ವಿಶ್ವಕಪ್ ಫೈನಲ್‌ನಲ್ಲಿ, ಯೊಕೊಹಾಮಾದಲ್ಲಿ, ಇಂಗ್ಲೆಂಡ್ ವಿರುದ್ಧ ದಕ್ಷಿಣ ಆಫ್ರಿಕಾದ ಮೊದಲ ‘ಟ್ರೈ’ ಗಳಿಸಿದವರು ಮಕಜೋಲೆ ಮಪಿಂಪಿ. ಆ ದೇಶ 1995 ಮತ್ತು 2007ರಲ್ಲಿ ವಿಶ್ವಕಪ್ ಗೆದ್ದಾಗ ಫೈನಲ್‌ನಲ್ಲಿ ಒಂದು ಟ್ರೈ ಕೂಡ ಗಳಿಸಿರಲಿಲ್ಲ. ಮಪಿಂಪಿ ಈಸ್ಟರ್ನ್ ಕೇಪ್ ಪ್ರಾಂತ್ಯದ ಹಳ್ಳಿಗಾಡಿನವರು. ಯಾವ ಪ್ರತಿಷ್ಠಿತ ಶಾಲೆಯ ಕಣ್ಣಿಗೂ ಬೀಳದೆ ಹಳ್ಳಿಯ ಶಾಲೆಯಲ್ಲೇ ಓದಿ, ತಡವಾಗಿ ಮೇಲೆ ಬಂದವರು. ಅವರು ಮೇಲೆ ಬಂದದ್ದು ವ್ಯವಸ್ಥೆಯ ಗೆಲುವಲ್ಲ. ಹುಡುಕಾಟ ನಡೆಯುವ ಮೈದಾನಗಳ ಆಚೆಗೂ ಪ್ರತಿಭೆ ಇದೆಯೆಂಬುದಕ್ಕೆ ಅವರು ಸಾಕ್ಷಿ. ಒಬ್ಬ ಕೊಲಿಸಿಯನ್ನು ಎತ್ತಿಕೊಂಡ ವ್ಯವಸ್ಥೆ ಎಷ್ಟು ಮಂದಿ ಮಪಿಂಪಿಗಳನ್ನು ಅಲ್ಲಿಯೇ ಬಿಟ್ಟಿತೆಂಬ ಲೆಕ್ಕವನ್ನು ಯಾವ ಶಾಲೆಯೂ ಇಡುವುದಿಲ್ಲ.

ಕೊಲಿಸಿಯ ಕಥೆ ನಿಜಕ್ಕೂ ಏನನ್ನು ಸಮರ್ಥಿಸುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಬೇಕು. ಅವರು ಗ್ರೇ ಸೇರಿದ್ದು ಹನ್ನೆರಡನೆಯ ವಯಸ್ಸಿನಲ್ಲಿ. ಆಗ ಅವರು ಸಿದ್ಧ ಆಟಗಾರರಲ್ಲ, ಭರವಸೆಯ ಬಾಲಕ ಮಾತ್ರ. ಇಂಗ್ಲಿಷ್ ಹೆಚ್ಚು ಬಾರದಿದ್ದ ಆ ಬಾಲಕನಿಗೆ ಶಾಲೆ ಊಟ, ಭಾಷೆ, ಓದು, ಸ್ನೇಹಿತರು ಎಲ್ಲವನ್ನೂ ಕೊಟ್ಟು ವರ್ಷಾನುಗಟ್ಟಲೆ ಸಾಕಿತು. ಆಟದಲ್ಲಿ ಅವರು ಮುಂದೆ ಬಾರದಿದ್ದರೂ ಆ ಶಿಕ್ಷಣ ಅವರ ಬಳಿಯೇ ಉಳಿಯುತ್ತಿತ್ತು. 2018ರ ಆಕ್ಲೆಂಡ್ ವಿವಾದದ ವಸ್ತು ಬೇರೆ. ಮತ್ತೊಂದು ಶಾಲೆ ಬೆಳೆಸಿ, ಪ್ರಥಮ ತಂಡದಲ್ಲಿ ಆಡಿಸಿದ ಹುಡುಗನನ್ನು ಕೊನೆಯ ಒಂದೆರಡು ಋತುಗಳಿಗೆ ಕರೆತರುವ ಕ್ರಮ ಅದು. ಮೊದಲನೆಯದು ವಿದ್ಯಾರ್ಥಿವೇತನ, ಎರಡನೆಯದು ಖರೀದಿ. ಎರಡಕ್ಕೂ ಒಂದೇ ಹೆಸರಿಟ್ಟು, ಎರಡನೆಯದನ್ನು ಪ್ರಶ್ನಿಸಿದಾಗ ಮೊದಲನೆಯದರ ಪುಣ್ಯವನ್ನು ಮುಂದಿಡುವುದೇ ಈ ಚರ್ಚೆಯ ಮೂಲ ದೋಷವೆಂದು ನಾನು ಭಾವಿಸುತ್ತೇನೆ.

ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ಕಷ್ಟವೇನಲ್ಲ. ಹುಡುಗನ ಮೊಣಕಾಲಿಗೆ ಪೆಟ್ಟಾಗಿ ಇನ್ನು ರಗ್ಬಿ ಆಡಲಾರನೆಂದು ವೈದ್ಯರು ಹೇಳಿದ ದಿನ ಅವನ ಶುಲ್ಕವನ್ನು ಯಾರು ಕಟ್ಟುತ್ತಾರೆ? ಶಾಲೆಯೇ ಕಟ್ಟುತ್ತದೆ, ಅವನು ಅಂತಿಮ ಪರೀಕ್ಷೆ ಬರೆಯುವವರೆಗೂ ಅಲ್ಲಿಯೇ ಇರುತ್ತಾನೆ ಎಂದಾದರೆ ಆ ಹಣ ವಿದ್ಯಾರ್ಥಿಗೆ ಸಂದದ್ದು. ಇಲ್ಲವೆಂದಾದರೆ ಅದು ಆಟಗಾರನ ಕೂಲಿ. ರಗ್ಬಿಯಂಥ ಮೈಮೇಲೆ ಬೀಳುವ ಆಟದಲ್ಲಿ ಇದು ಕೇವಲ ಊಹೆಯ ಪ್ರಶ್ನೆಯಲ್ಲ. ವೃತ್ತಿಪರ ಕ್ಲಬ್‌ಗಳಲ್ಲಿ ಆಟಗಾರನಿಗೆ ಕರಾರು, ಸಂಘ, ವಿಮೆ ಇರುತ್ತವೆ. ಹದಿನಾರರ ಹುಡುಗನ ಪರವಾಗಿ ಮಾತುಕತೆಗೆ ಕೂರುವವರು, ಅವಕಾಶ ಕೈತಪ್ಪೀತೆಂಬ ಭಯದಲ್ಲಿರುವ ಬಡ ತಂದೆ ತಾಯಿ.

ನಿಯಮಗಳೇ ಇಲ್ಲವೆಂದಲ್ಲ. ಹೊಸದಾಗಿ ಶಾಲೆ ಸೇರಿದ ಆಟಗಾರರ ಸಂಖ್ಯೆಗೆ ಮಿತಿ ಹೇರುವ, ಅವರನ್ನು ಕೆಲಕಾಲ ಪ್ರಥಮ ತಂಡದಿಂದ ಹೊರಗಿಡುವ ಕ್ರಮಗಳು ಶಾಲಾ ಕ್ರೀಡೆಯಲ್ಲಿ ಬಂದಿವೆ. ಇವು ತಂಡಗಳ ನಡುವಣ ಸಮತೋಲ ಕಾಯುತ್ತವೆಯೇ ಹೊರತು ಹುಡುಗನನ್ನು ಕಾಯುವುದಿಲ್ಲ. ಹೊರಗೆ ಕೂರುವ ಶಿಕ್ಷೆ ಅನುಭವಿಸುವವನು ಆಹ್ವಾನ ಕೊಟ್ಟ ಶಾಲೆಯಲ್ಲ, ಅದನ್ನು ಒಪ್ಪಿ ಬಂದ ಬಾಲಕ. ಆದ್ದರಿಂದ ಹೊಣೆಯನ್ನು ಶಾಲೆಯ ಮೇಲೆ ಹೊರಿಸುವ ನಿಯಮಗಳು ಬೇಕು. ವಿದ್ಯಾರ್ಥಿವೇತನವನ್ನು ಪ್ರೌಢಶಾಲೆಯ ಆರಂಭದಲ್ಲಿಯೇ ನೀಡಬೇಕು. ಗಾಯವಾದರೂ, ಆಟ ಬಿಟ್ಟರೂ ಓದು ಮುಗಿಯುವವರೆಗೆ ಅದು ಮುಂದುವರಿಯುವುದೆಂದು ಬರಹದಲ್ಲಿ ಒಪ್ಪಬೇಕು. ಹಾಗೆ ಬಂದವರಲ್ಲಿ ಎಷ್ಟು ಮಂದಿ ಓದು ಪೂರೈಸಿದರೆಂಬುದನ್ನು ಶಾಲೆಗಳು ಪ್ರತಿವರ್ಷ ಪ್ರಕಟಿಸಬೇಕು. ನಿಜವಾದ ಔದಾರ್ಯವುಳ್ಳ ಶಾಲೆಗೆ ಇವುಗಳಲ್ಲಿ ಯಾವುದೂ ಭಾರವಾಗದು.

ನಮ್ಮಲ್ಲಿ ಶಾಲಾ ರಗ್ಬಿ ಇನ್ನೂ ಎಳೆಯ ಸಸಿ. ಭುವನೇಶ್ವರದಲ್ಲಿ ಆದಿವಾಸಿ ಮಕ್ಕಳಿಗಾಗಿ ಇರುವ ಉಚಿತ ವಸತಿ ಶಾಲೆ, ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಯ ಹದಿನಾಲ್ಕು ವರ್ಷದೊಳಗಿನವರ ತಂಡ 2007ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಶಾಲಾ ಟೂರ್ನಿ ಗೆದ್ದಿತ್ತು. ಆ ಶಾಲೆ ಮಕ್ಕಳಿಗೆ ಬಾಗಿಲು ತೆರೆದದ್ದು ಓದಿಗಾಗಿ. ರಗ್ಬಿ ಬಂದದ್ದು ಆಮೇಲೆ. 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದು, ಬೆಂಗಳೂರಿನ ಹೆಸರಿನ ತಂಡವೂ ಅದರಲ್ಲಿ ಆಡಿತು. ಲೀಗುಗಳು ಬೆಳೆದಂತೆ ಶಾಲೆಗಳಲ್ಲಿ ಆಟಗಾರರನ್ನು ಅರಸುವವರೂ ಬರುತ್ತಾರೆ. ಕ್ರಿಕೆಟ್ಟಿಗಾಗಲಿ, ಕಬಡ್ಡಿಗಾಗಲಿ ನಮ್ಮ ಖಾಸಗಿ ಶಾಲೆಯೊಂದು ಬಡ ಹುಡುಗನೊಬ್ಬನಿಗೆ ಉಚಿತ ಸೀಟು ನೀಡಲು ಮುಂದಾದಾಗ ಅದನ್ನು ಅನುಮಾನದಿಂದ ನೋಡಬೇಕಿಲ್ಲ. ಅವನು ಆಡಲಾರದ ದಿನವೂ ಆ ಸೀಟು ಅವನದೇ ಆಗಿರುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಮೊದಲ ದಿನವೇ ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು.