ಅರ್ಥಶಾಸ್ತ್ರವೂ ನಮ್ಮ ಅನರ್ಥವೂ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಬೆನ್ನಿಗೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಪ್ರತಿಭಾ ಪುರಸ್ಕಾರಗಳು ಜರುಗುತ್ತವೆ. ಶಾಲು, ಹಾರ, ಅತಿಥಿಗಳ ದೀರ್ಘ ಭಾಷಣ. ವೇದಿಕೆಯಿಂದ ಕೇಳಿಬರುವ ಹಾರೈಕೆಗಳು ಎರಡೇ: ಡಾಕ್ಟರಾಗು, ಇಂಜಿನಿಯರಾಗು. ಅಂಕ ಕಡಿಮೆ ಬಂದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಯಾರೂ ಹೇಳದೆಯೇ ಗೊತ್ತಾಗಿರುವ ದಾರಿಯೊಂದಿದೆ. ಅದು ಊರಿನ ಪಿಯು ಕಾಲೇಜಿನ ಕಲಾ ವಿಭಾಗ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಮಕ್ಕಳ ಬಾಯಲ್ಲಿ ಎಚ್‌ಇಪಿಎಸ್. ಆ ಅರ್ಜಿಗೆ ತಂದೆಯ ಸಹಿ ಬಿದ್ದ ದಿನವೇ ಗಣಿತವು ಆ ಮಗುವಿನ ಬದುಕಿನಿಂದ ಹೊರಟುಹೋಗುತ್ತದೆ.

ಐದು ವರ್ಷಗಳ ಅನಂತರ ಅದೇ ಮಗು ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಯಾರಿಂದಲೋ ಕೇಳಿ ತಿಳಿದು, ದೇಶದ ಉತ್ತಮ ಸಂಸ್ಥೆಯೊಂದರಲ್ಲಿ ಎಂ.ಎ. ಮಾಡಲು ಬಯಸಿತೆಂದು ಭಾವಿಸೋಣ. ಅಲ್ಲಿನ ಪ್ರವೇಶ ಪರೀಕ್ಷೆ ಕೇಳುವುದು ಕ್ಯಾಲ್ಕುಲಸ್, ಸಂಭವನೀಯತೆ, ಸಂಖ್ಯಾಶಾಸ್ತ್ರ. ಪಂಚವಾರ್ಷಿಕ ಯೋಜನೆಗಳ ಗುರಿ ಮತ್ತು ಸಾಧನೆಗಳನ್ನು ಕಂಠಪಾಠ ಮಾಡಿ ಪ್ರಥಮ ದರ್ಜೆ ಪಡೆದ ವಿದ್ಯಾರ್ಥಿಗೆ ಆ ಪ್ರಶ್ನೆಪತ್ರಿಕೆ ಅಪರಿಚಿತ ಭಾಷೆಯಂತೆ ಕಾಣುತ್ತದೆ. ಬಾಗಿಲು ಮುಚ್ಚಿದ್ದು ದಿಲ್ಲಿಯವರೆಂದು ನಾವು ದೂರುತ್ತೇವೆ. ಅದು ಮುಚ್ಚಿದ್ದು ಐದು ವರ್ಷಗಳ ಹಿಂದೆ, ನಮ್ಮೂರಿನ ಪ್ರವೇಶ ಕೌಂಟರಿನಲ್ಲಿ, ನಮ್ಮದೇ ಕೈಗಳಿಂದ.

ಇಷ್ಟಕ್ಕೂ ಅರ್ಥಶಾಸ್ತ್ರವೇ ಏಕೆ ಎಂದು ಕೇಳುವವರಿದ್ದಾರೆ. ಉತ್ತರ ನಮ್ಮ ತಾಲೂಕುಗಳ ಇತಿಹಾಸದಲ್ಲೇ ಇದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ ಪ್ರಾದೇಶಿಕ ಅಸಮತೋಲನದ ಕುರಿತು ವರದಿ ನೀಡಿತು. ಆಗಿದ್ದ 175 ತಾಲೂಕುಗಳನ್ನು 35 ಮಾನದಂಡಗಳಿಂದ ಅಳೆದು 114 ತಾಲೂಕುಗಳು ಹಿಂದುಳಿದಿವೆಯೆಂದು ಅದು ತೋರಿಸಿತು. 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಶಿಫಾರಸು ಮಾಡಿತು. ನಂಜುಂಡಪ್ಪನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅರ್ಥಶಾಸ್ತ್ರಜ್ಞರು. ಉತ್ತರ ಕರ್ನಾಟಕದ ನೋವನ್ನು ಭಾಷಣಗಳಲ್ಲಿ ಹೇಳಿದವರು ಅನೇಕರಿದ್ದರು. ಅದನ್ನು ವಿಧಾನಸೌಧ ಅಲ್ಲಗಳೆಯಲಾಗದ ಅಂಕಿಗಳಾಗಿ ಮಾರ್ಪಡಿಸಿದ್ದು ಈ ವಿದ್ಯೆ.

2005ರಲ್ಲಿ ನೇಮಕವಾಗಿ 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿದ ಸಾಚಾರ್ ಸಮಿತಿಯ ವಿಷಯವೂ ಇದೇ. ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿರುವ ಸಮುದಾಯ ಐಎಎಸ್‌ನಲ್ಲಿ ಶೇ. 3ರಷ್ಟಿದೆ, 6ರಿಂದ 14 ವಯಸ್ಸಿನ ಮಕ್ಕಳಲ್ಲಿ ನಾಲ್ಕರಲ್ಲೊಂದು ಪಾಲು ಶಾಲೆಯ ಮುಖ ಕಂಡಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದೆ. ಇಂದಿಗೂ ನಮ್ಮ ಪ್ರತಿಯೊಂದು ಮನವಿಪತ್ರ ಈ ಸಂಖ್ಯೆಗಳ ಮೇಲೆಯೇ ನಿಂತಿದೆ. ಆ ಸಮಿತಿಯ ಸದಸ್ಯ ಕಾರ್ಯದರ್ಶಿ ಅಬೂಸಾಲಿಹ್ ಶರೀಫ್ ಕೂಡ ಅರ್ಥಶಾಸ್ತ್ರಜ್ಞರೇ. ಹತ್ತೊಂಬತ್ತು ವರ್ಷಗಳಿಗೂ ಹಿಂದಿನ ಅದೇ ವರದಿಯನ್ನು ನಾವು ಈಗಲೂ ಉಲ್ಲೇಖಿಸುತ್ತಿದ್ದೇವೆ. ಸವಣೂರಿನ ಎಲೆಬಳ್ಳಿ ತೋಟದ ಕೂಲಿಯ ಆದಾಯವೆಷ್ಟು, ಶಿಗ್ಗಾವಿಯಿಂದ ಹುಬ್ಬಳ್ಳಿಗೆ ದುಡಿಯಲು ಹೋಗುವ ಯುವಕರೆಷ್ಟು, ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ ನಮ್ಮವರು ಒಡೆಯರೋ ಗೇಣಿದಾರರೋ ಎಂದು ಕೇಳಿದರೆ ಸಮುದಾಯದ ಯಾವ ಸಂಘಟನೆಯ ಬಳಿ ಉತ್ತರವಿದೆ? ತನ್ನನ್ನು ತಾನು ಎಣಿಸಲಾರದ ಸಮುದಾಯ ಇನ್ನೊಬ್ಬರ ಎಣಿಕೆಯನ್ನೇ ಕಾಯುತ್ತ ಕೂರಬೇಕಾಗುತ್ತದೆ.

ಇನ್ನೂ ಕಹಿಯಾದ ಪಾಠವೊಂದಿದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದುಬಿತ್ತು. ‘ಹಲಾಲ್ ಹೂಡಿಕೆ’ ಎಂಬ ಎರಡು ಪದಗಳನ್ನು ನಂಬಿ ಸಾವಿರಾರು ಕುಟುಂಬಗಳು ಮಗಳ ಮದುವೆಯ ಹಣ, ನಿವೃತ್ತಿಯ ಹಣ, ಮಾರಿದ ಮನೆಯ ಹಣವನ್ನು ಅಲ್ಲಿಟ್ಟು ಬೀದಿಗೆ ಬಂದವು. ಬಡ್ಡಿ ನಿಷಿದ್ಧವೆಂದು ನಾವು ಕಲಿಸಿದ್ದೆವು, ಸರಿಯೇ. ಆದರೆ ತಿಂಗಳು ತಿಂಗಳು ಅಷ್ಟೊಂದು ಲಾಭ ಹಂಚಬಲ್ಲ ವ್ಯಾಪಾರ ಲೋಕದಲ್ಲಿ ಯಾವುದಿದೆ ಎಂಬ ಸರಳ ಪ್ರಶ್ನೆಯನ್ನು ಕೇಳಲು ಕಲಿಸಿರಲಿಲ್ಲ. ಲೆಕ್ಕಪತ್ರ ತೆರೆದು ನೋಡಿ ‘ಇದು ನಿಲ್ಲುವಂಥದ್ದಲ್ಲ’ ಎಂದು ಮಿಂಬರಿನ ಪಕ್ಕದಲ್ಲಿ ನಿಂತು ಹೇಳಬಲ್ಲ, ಹೇಳಿದರೆ ಜನ ಕೇಳುವಂಥ ಅರ್ಥಶಾಸ್ತ್ರಜ್ಞರನ್ನು ಊರೂರಿನಲ್ಲಿ ನಾವು ಬೆಳೆಸಿರಲಿಲ್ಲ. ಡಾ. ಮುಹಮ್ಮದ್ ನಜಾತುಲ್ಲಾ ಸಿದ್ದೀಖಿಯವರಂಥ ವಿದ್ವಾಂಸರು ಬಡ್ಡಿರಹಿತ ಅರ್ಥವ್ಯವಸ್ಥೆಯ ಬಗ್ಗೆ ಬದುಕಿಡೀ ಬರೆದರು. ಅವರ ಹೆಸರನ್ನು ಹೆಮ್ಮೆಯಿಂದ ಉಲ್ಲೇಖಿಸುವ ನಾವು ಅವರು ಓದಿದ ಶಾಸ್ತ್ರವನ್ನು ಮಾತ್ರ ಕಡಿಮೆ ಅಂಕದವರಿಗೆ ಮೀಸಲಿಟ್ಟೆವು.

ಈಗ ದಾರಿಯ ವಿಷಯಕ್ಕೆ ಬರೋಣ. ದಿಲ್ಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಮತ್ತು ಜೆಎನ್‌ಯುಗಳ ಎಂ.ಎ. ಪ್ರವೇಶ ಈಗ ಸಿಯುಇಟಿ-ಪಿಜಿ ಮೂಲಕ. ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ ಪರೀಕ್ಷೆ. ಅದರಲ್ಲಿ 2021ರಿಂದ ಅರ್ಥಶಾಸ್ತ್ರವೂ ಒಂದು ವಿಷಯ. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕೋಲ್ಕತಾ ಮತ್ತು ದಿಲ್ಲಿಗಳಲ್ಲಿ ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ನೀಡುತ್ತದೆ. ಅಲ್ಲಿ ವಿದ್ಯಾರ್ಥಿಯಿಂದ ಶುಲ್ಕ ಪಡೆಯುವ ಬದಲು ಶಿಷ್ಯವೇತನ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಲಕ್ಷಗಟ್ಟಲೆ ಡೊನೇಷನ್ ತೆತ್ತು ಇಂಜಿನಿಯರಿಂಗ್ ಸೀಟು ಕೊಳ್ಳುವ ತಂದೆಗೆ ಈ ಮಾತನ್ನು ಯಾರಾದರೂ ಹೇಳಿದ್ದಾರೆಯೇ? ನಮ್ಮ ರಾಜ್ಯದಲ್ಲಿ ಪಿಯುಸಿ ಮುಗಿಸಿದವರಿಗಾಗಿ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ 2017ರಿಂದ ಇದೆ. ಸಂಶೋಧನೆಗೆ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಐಸೆಕ್ ಬೆಂಗಳೂರಿನಲ್ಲಿದೆ. ಕೈಗೆಟಕುವ ಧಾರವಾಡದಲ್ಲೇ ಸಿಎಂಡಿಆರ್ ಇದೆ. ಇವುಗಳಲ್ಲಿ ಬಹುತೇಕ ಎಲ್ಲ ಕಡೆಯೂ ಗಣಿತ ಬೇಕು. ಪಿಯುಸಿಯಲ್ಲಿ ಗಣಿತ ಓದಿರಬೇಕೆಂಬ ನಿಯಮವಿಲ್ಲದ ಕಡೆಯೂ ಪ್ರಶ್ನೆಪತ್ರಿಕೆಯೇ ಆ ನಿಯಮವನ್ನು ಜಾರಿಗೊಳಿಸುತ್ತದೆ.

ಕಲಾ ವಿಭಾಗ ಸೇರಿಯಾಗಿದೆ, ಇನ್ನೇನು ಮಾಡುವುದು ಎಂದು ಕೈಚೆಲ್ಲಬೇಕಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹನ್ನೆರಡನೆಯ ತರಗತಿಯ ಗಣಿತವೊಂದನ್ನೇ ತೆಗೆದುಕೊಂಡು ಪರೀಕ್ಷೆ ಬರೆಯಬಹುದು. ಸ್ವಯಂ, ಎನ್‌ಪಿಟಿಇಎಲ್ ಪಾಠಗಳು ಮೊಬೈಲಿನಲ್ಲಿ ಉಚಿತವಾಗಿ ದೊರೆಯುತ್ತವೆ. ಮೊಬೈಲಂತೂ ಎಲ್ಲ ಮನೆಗಳಲ್ಲೂ ಇದೆಯಲ್ಲ! ಬಿ.ಎ.ಯ ಮೂರು ವರ್ಷಗಳಲ್ಲಿ ದಿನಕ್ಕೊಂದು ತಾಸು ಗಣಿತಕ್ಕಿಟ್ಟವನಿಗೆ ಈ ಪ್ರವೇಶ ಪರೀಕ್ಷೆಗಳು ಅಸಾಧ್ಯವೇನಲ್ಲ.

ಸರಕಾರಗಳ ಪಾಲಿನ ಅನ್ಯಾಯವನ್ನೂ ಹೇಳಲೇಬೇಕು. ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸುವ ಸಂಸ್ಥೆಯೇ ಸ್ನಾತಕೋತ್ತರ ಅರ್ಥಶಾಸ್ತ್ರದ ಪರೀಕ್ಷೆಯನ್ನು ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ ನಡೆಸುತ್ತದೆ. ಯುಜಿಸಿ ನೆಟ್ ಕೂಡ ಹಾಗೆಯೇ. ಬಿಹಾರದ ವಿದ್ಯಾರ್ಥಿಗೆ ತಾಯ್ನುಡಿಯ ಆಸರೆಯಿದೆ, ಹಿರೇಕೆರೂರಿನವನಿಗಿಲ್ಲ. ನಾಗರಿಕ ಸೇವಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಇಂಡಿಯನ್ ಇಕನಾಮಿಕ್ ಸರ್ವಿಸ್ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ನಮ್ಮ ಸಂಸದರ ಬಾಯಿಂದ ಈ ಬಗ್ಗೆ ಒಂದು ಮಾತು ಬಂದದ್ದನ್ನು ನಾವು ಕೇಳಿಲ್ಲ.

ಹಣದ ಮಾತೂ ಅಷ್ಟೇ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಮತ್ತು ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ನೆರವು ನೀಡುತ್ತಿದ್ದ ‘ಪಢೋ ಪರದೇಶ್’ ಎರಡನ್ನೂ ಕೇಂದ್ರವು 2022-23ರಿಂದ ನಿಲ್ಲಿಸಿತು. ರಾಜ್ಯದ ‘ಅರಿವು’ ಸಾಲ ಯೋಜನೆ ರೂಪುಗೊಂಡಿರುವುದು ವೃತ್ತಿಪರ ಕೋರ್ಸುಗಳ ಸುತ್ತ. ಅಂದರೆ ಸರಕಾರದ ಕಣ್ಣಿನಲ್ಲೂ ವಿದ್ಯೆಯೆಂದರೆ ಡಾಕ್ಟರ್, ಇಂಜಿನಿಯರ್. ಸನ್ಮಾನ ವೇದಿಕೆಯ ಭಾಷಣಕಾರರಿಗೂ ಸರಕಾರಕ್ಕೂ ಈ ಒಂದು ವಿಷಯದಲ್ಲಿ ಪೂರ್ಣ ಸಹಮತ!

ಮೀಸಲಾತಿಗೆ ಬಂದರೆ, 2023ರ ಮಾರ್ಚ್‌ನಲ್ಲಿ ಆಗಿನ ಮುಖ್ಯಮಂತ್ರಿ, ಶಿಗ್ಗಾವಿಯ ಶಾಸಕರೇ ಆಗಿದ್ದ ಬಸವರಾಜ ಬೊಮ್ಮಾಯಿಯವರ ಸಂಪುಟ 2ಬಿಯ ಶೇ. 4ನ್ನು ಕಿತ್ತುಕೊಂಡಿತು. ಸಮುದಾಯ ಬೀದಿಗಿಳಿಯಿತು, ಸುಪ್ರೀಂ ಕೋರ್ಟಿನಲ್ಲಿ ಸರಕಾರವೇ ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಹೇಳಬೇಕಾಯಿತು. ಆ ಹೋರಾಟ ನ್ಯಾಯವಾದದ್ದು. ಆದರೆ ಉಳಿದುಬಂದ ಆ ಶೇ. 4ರ ಹೆಸರಿನಲ್ಲಿ ಅರ್ಥಶಾಸ್ತ್ರ ವಿಭಾಗಗಳಿಗೆ ಅರ್ಜಿ ಹಾಕುವ ನಮ್ಮ ಮಕ್ಕಳೆಷ್ಟು? ಕೇಂದ್ರದ ಸಂಸ್ಥೆಗಳಲ್ಲಿ 2ಬಿ ಪ್ರಮಾಣಪತ್ರ ನಡೆಯುವುದಿಲ್ಲ. ಕೇಂದ್ರ ಪಟ್ಟಿಯಲ್ಲಿ ತಮ್ಮ ಪಂಗಡದ ಹೆಸರನ್ನು ನೋಡಿಕೊಂಡು, ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂಬ ಒಬಿಸಿ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಪಡೆಯಬೇಕು. ಎಷ್ಟೋ ಮಕ್ಕಳು ಇದನ್ನರಿಯುವುದು ಅರ್ಜಿಯ ಕೊನೆಯ ದಿನ, ನಾಡಕಚೇರಿಯ ಸರತಿಯಲ್ಲಿ ನಿಂತಾಗ.

ಉದ್ಯೋಗದ ಬಗ್ಗೆ ಬಣ್ಣದ ಕನಸು ಬಿತ್ತುವುದು ನಮ್ಮ ಉದ್ದೇಶವಲ್ಲ. ಗಣಿತವಿಲ್ಲದ ಬಿ.ಎ., ಅದರ ಮೇಲೊಂದು ಎಂ.ಎ., ಬಳಿಕ ವರ್ಷಾನುಗಟ್ಟಲೆ ಅತಿಥಿ ಉಪನ್ಯಾಸಕ ವೃತ್ತಿ ಎಂಬುದು ನಮ್ಮ ಜಿಲ್ಲೆಯ ನೂರಾರು ಪದವೀಧರರ ಕಥೆ. ಪದವಿ ಕಾಲೇಜಿನ ಹುದ್ದೆಗೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಬೇಕು, ಪಿಯು ಉಪನ್ಯಾಸಕನಾಗಲು ಬಿ.ಎಡ್. ಬೇಕು. ಇಕನಾಮಿಕ್ ಸರ್ವಿಸ್‌ನಲ್ಲಿ ವರ್ಷಕ್ಕೆ ಕರೆಯುವ ಹುದ್ದೆಗಳು ಕೆಲವೇ. ಆದರೆ ಗಣಿತ ಮತ್ತು ಸಂಖ್ಯಾಶಾಸ್ತ್ರ ಬಲ್ಲ ಅರ್ಥಶಾಸ್ತ್ರ ಪದವೀಧರನ ಸ್ಥಿತಿಯೇ ಬೇರೆ. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗ, ನಬಾರ್ಡ್, ಬ್ಯಾಂಕುಗಳು, ಸಮೀಕ್ಷಾ ಸಂಸ್ಥೆಗಳು, ದತ್ತಾಂಶ ವಿಶ್ಲೇಷಣೆಯ ಕಂಪೆನಿಗಳು ಅವನಿಗೆ ತೆರೆದಿವೆ. ಜೆಆರ್‌ಎಫ್ ದೊರೆತರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅಮೆರಿಕದ ಉತ್ತಮ ವಿಶ್ವವಿದ್ಯಾಲಯಗಳು ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಆಯ್ಕೆ ಮಾಡಿದವರಿಂದ ಸಾಮಾನ್ಯವಾಗಿ ಶುಲ್ಕ ಪಡೆಯುವುದಿಲ್ಲ, ಬದಲಾಗಿ ವೇತನ ಕೊಡುತ್ತವೆ. ಈ ಎರಡು ಪದವೀಧರರ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚಾಗಿ ಗಣಿತವೇ ನಿರ್ಧರಿಸುತ್ತದೆ. ಇಂಗ್ಲಿಷನ್ನು ಎರಡು ವರ್ಷಗಳಲ್ಲಿ ಸುಧಾರಿಸಿಕೊಂಡವರನ್ನು ನಾವು ಕಂಡಿದ್ದೇವೆ.

ಶಾದಿಮಹಲುಗಳಿಗೆ ಲಕ್ಷಾಂತರ ಸಂಗ್ರಹಿಸುವ ಅಂಜುಮನ್ ಕಮಿಟಿಗಳಿಗೆ ಒಬ್ಬ ಗಣಿತ ಉಪನ್ಯಾಸಕನಿಗೆ ಸಂಜೆಯ ಎರಡು ತಾಸಿನ ಸಂಭಾವನೆ ಕೊಡುವುದು ಭಾರವೇ? ಮಹಲಿನ ಕೋಣೆಗಳು ಮದುವೆಯಿಲ್ಲದ ದಿನಗಳಲ್ಲಿ ಖಾಲಿಯೇ ಇರುತ್ತವೆ. ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳುಹಿಸಲಾಗದೆಂಬ ನೆಪವೂ ಅಲ್ಲಿ ಉಳಿಯದು.

ಹಾವೇರಿಗೊಂದು ವಿಶ್ವವಿದ್ಯಾಲಯ ಬಂದಿತೆಂದು ಹಿಗ್ಗಿದವರಿಗೆ 2025ರ ಫೆಬ್ರವರಿಯಲ್ಲಿ ಉತ್ತರ ಸಿಕ್ಕಿತು: ಅದೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ದೊಡ್ಡ ಸಂಸ್ಥೆಗಳು ಮೇಲಿನಿಂದ ಬರುತ್ತವೆ, ಮೇಲಿನವರ ಮರ್ಜಿಯಂತೆ ಹೋಗುತ್ತವೆ. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಜತೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಓದುವ ಅವಕಾಶವನ್ನಾದರೂ ನಾಲ್ಕು ತಾಲೂಕುಗಳ ಪಾಲಕರು ಕೇಳಬಹುದು. ಬೇಡಿಕೆಯೇ ಇಲ್ಲವೆಂಬುದು ಇಲಾಖೆಯ ಸಿದ್ಧ ಉತ್ತರ. ಆದುದರಿಂದ ಪ್ರವೇಶ ಆರಂಭವಾಗುವ ಮುನ್ನವೇ, ಬಾಯಿಮಾತಿನಲ್ಲಲ್ಲದೆ, ಪಾಲಕರ ಸಹಿಗಳುಳ್ಳ ಲಿಖಿತ ಅರ್ಜಿಯನ್ನು ಪ್ರಾಚಾರ್ಯರಿಗೂ ಹಾವೇರಿಯ ಉಪನಿರ್ದೇಶಕರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ಹಿಡಿದು ಶಾಸಕರ ಬಳಿಗೆ ಹೋಗಿರಿ.