ಜೀರ್ಣೋದ್ಧಾರ

ಬೆಂಗಳೂರಿಗೆ ಹೋದಾಗಲೆಲ್ಲ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲನ್ನು ನೋಡಿಬರುವುದು ನಮ್ಮ ವಾಡಿಕೆ. ಗಣಿಯ ಉದ್ಯಮದಿಂದ ಐಶ್ವರ್ಯವಂತರಾದ ರಾಜಾ ಮಾಣಿಕ್ಯವೇಲು ಮೊದಲಿಯಾರರು ಸಂಸಾರಸಮೇತರಾಗಿ ವಾಸಿಸಿದ್ದ ತೋಟದ ಬಂಗಲೆಯದು; ಆವರಣವು ಸುಮಾರು 3.5 ಎಕರೆ. ಕಾಲಾಂತರದಲ್ಲಿ ಸರ್ಕಾರದ ಕೈಸೇರಿ, 2000ನೆಯ ಇಸವಿಯಲ್ಲಿ ಕೇಂದ್ರದ ಸಂಸ್ಕೃತಿ ಇಲಾಖೆಯ ಸ್ವಾಧೀನಕ್ಕೆ ಬಂದು, 2009ನೆಯ ಫೆಬ್ರವರಿಯಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ತೆರೆಯಿತು. ದೆಹಲಿ, ಮುಂಬಯಿಗಳ ತರುವಾಯ ಆ ಸಂಸ್ಥೆಗಿದು ಮೂರನೆಯ ನೆಲೆ. 1954ರಲ್ಲಿ ಆರಂಭವಾದ ದೆಹಲಿಯ ಸಂಗ್ರಹಾಲಯವಿರುವುದೂ ಜಯಪುರದ ಮಹಾರಾಜರ ಮನೆಯಲ್ಲಿಯೇ.

ಇಲ್ಲಿ ಹಳೆಯ ಮನೆಯನ್ನು ಕೆಡವದೆ, ಮರಗಳನ್ನು ಉಳಿಸಿಕೊಂಡು, ಹೊಸ ಚಿತ್ರಶಾಲೆಯನ್ನು ಬೇರೆಯಾಗಿ ಕಟ್ಟಿರುವರು. ಒಂದು ಕುಟುಂಬವು ಬಾಳಿದ ಕೊಠಡಿಗಳಲ್ಲಿ ಇಂದು ಯಾರ ಮಕ್ಕಳಾದರೂ ನಿಂತು ಚಿತ್ರಗಳನ್ನು ನೋಡಬಹುದು.

ಬಾತಿಯಲ್ಲಿರುವ ನಮ್ಮ ಪಿತ್ರಾರ್ಜಿತ ಮಾಳಿಗೆಮನೆಯನ್ನು ಕೆಡವಿ ಅಂಗಡಿಗಳನ್ನು ಕಟ್ಟೋಣವೆಂದು ತಮ್ಮಂದಿರು ವರ್ಷದಿಂದ ಹೇಳುತ್ತಿದ್ದಾರೆ. ಮಣ್ಣಿನ ಮಾಳಿಗೆ ಸೋರುತ್ತದೆ. ಅವರ ಮಾತು ಸುಳ್ಳಲ್ಲ. ಆದರೆ ಜೀರ್ಣೋದ್ಧಾರವೆಂಬ ಪದವನ್ನು ಬಿಡಿಸಿ, ಸವೆದುದನ್ನು ಮೇಲೆತ್ತುವುದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಾವು. ಆದುದರಿಂದ ನಮ್ಮ ಪಾಲಿನ ಪಡಸಾಲೆಯೊಂದನ್ನಾದರೂ ಉಳಿಸಿ, ಊರ ಶಾಲೆಯ ಮಕ್ಕಳು ಬರೆದ ಚಿತ್ರಗಳನ್ನು ತೂಗುಹಾಕಲು ಬಿಡಿರೆಂದು ಮೊನ್ನೆ ಕಾಗದ ಬರೆದಿದ್ದೇವೆ. ಸೋರುವುದನ್ನು ಕಟ್ಟಿಸುವ ಖರ್ಚು ನಮ್ಮ ಪಿಂಚಣಿಯದು. ಉತ್ತರವಿನ್ನೂ ಬಂದಿಲ್ಲ.

ವಾಚಕರ ಮನೆಗಳಲ್ಲಿಯೂ ಇಂಥ ಹಳೆಯ ಗೋಡೆಯೊಂದಿದ್ದರೆ, ಹಾರೆ ಎತ್ತುವ ಮುನ್ನ ಮನೆಮಂದಿಯೆಲ್ಲ ಒಂದು ಸಂಜೆ ಅದರ ಕೆಳಗೆ ಕುಳಿತು ಆಲೋಚಿಸಬೇಕೆಂದು ಬೇಡುತ್ತೇವೆ.